ಹ್ಯಾಮ್ ಪೊಟ್ಟಣದ ನಿಜವಾದ ಹೆಸರನ್ನು ಮುಚ್ಚಿ ಮಾರಿದ್ದರ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಸೂಪರ್ ಮಾರ್ಕೆಟ್ ಕೇಂದ್ರ ಕಚೇರಿ, ಬೆಂಗಳೂರು

ವಿಷಯ: ಆಮದು ಹ್ಯಾಮ್‌ಗೆ ಹಾಕಿದ ತಪ್ಪು ಫಲಕ, ಮೂಲ ಲೇಬಲ್ ಮೇಲೆ ಅಂಟಿಸಿದ ಸ್ಟಿಕರ್ ಮತ್ತು ಬೆಲೆಯ ಗೊಂದಲ

ಮಾನ್ಯರೇ,

ಕಳೆದ ಶನಿವಾರ ಸಂಜೆ ನಿಮ್ಮ ಮಳಿಗೆಯಲ್ಲಿ ಸ್ಪೇನ್ ದೇಶದ ಹ್ಯಾಮ್‌ನ (ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆಮಾಂಸ) 80 ಗ್ರಾಂ ಪೊಟ್ಟಣವೊಂದನ್ನು 1,480 ರೂಪಾಯಿಗೆ ಕೊಂಡೆ. ಅದನ್ನು ಇಟ್ಟಿದ್ದ ಫ್ರಿಜ್‌ನ ಅಂಚಿನಲ್ಲಿ ನಿಮ್ಮದೇ ಫಲಕವಿತ್ತು: ‘ಪಾತಾ ನೆಗ್ರಾ ಇಬೆರಿಕೋ ಹ್ಯಾಮ್, ಓಕ್ ಕಾಯಿ ತಿಂದು ಬೆಳೆದ ಹಂದಿಯದ್ದು’. ಪಕ್ಕದಲ್ಲಿ ಒಂದು ಓಕ್ ಮರದ ಚಿತ್ರ. ಇಬೆರಿಕೋ ಎಂದರೆ ಸ್ಪೇನ್‌ನ ಒಂದು ಹಂದಿ ತಳಿ, ‘ಪಾತಾ ನೆಗ್ರಾ’ ಎಂಬುದು ಆ ತಳಿಯ ಶುದ್ಧ, ಮೇಲ್ದರ್ಜೆಯ ಮಾಂಸದ ಹೆಸರು. ಅಷ್ಟು ಹಣ ಕೊಡಲು ಮನಸ್ಸು ಮಾಡಿದ್ದು ಆ ಫಲಕವನ್ನು ನಂಬಿ.

ನಾವು ಕೊಡಗಿನವರು. ಮರುದಿನ ನನ್ನ ಅಣ್ಣ ಊರಿನಿಂದ ಬರುವವರಿದ್ದರು. ನಮ್ಮ ಅಜ್ಜಿಯ ಕಾಲದಲ್ಲಿ ಒಲೆಯ ಮೇಲೆ ತೂಗುಹಾಕಿ, ವಾರಗಟ್ಟಲೆ ಹೊಗೆ ಕುಡಿಸಿ ಒಣಗಿಸಿದ ಹಂದಿಮಾಂಸದ ರುಚಿ ಕಂಡವರು ಅವರು. ಹೊಗೆಯಿಲ್ಲದೆ, ಬರೀ ಉಪ್ಪು ಮತ್ತು ಗಾಳಿಯಲ್ಲಿ ಎರಡು ವರ್ಷ ಹದಗೊಂಡ ಮಾಂಸವನ್ನು ಅವರಿಗೆ ಒಮ್ಮೆ ತಿನ್ನಿಸಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಅಣ್ಣ ಒಂದು ಚೂರನ್ನು ಬಾಯಿಗಿಟ್ಟು, ಇನ್ನೊಂದನ್ನು ಬೆಳಕಿಗೆ ಹಿಡಿದು ನೋಡಿ, “ಇದು ತೊಡೆಯಲ್ಲ, ಮುಂಗಾಲು. ಚೂರು ಎಷ್ಟು ಸಣ್ಣದಿದೆ ನೋಡು, ನಡುವೆ ನರವೂ ಹೆಚ್ಚು” ಎಂದರು. ನಾನು ಫಲಕದಲ್ಲಿ ಓದಿದ್ದನ್ನೇ ಹೇಳಿ ಅವರೊಂದಿಗೆ ವಾದಿಸಿದೆ.

ಅವರು ಮಲಗಿದ ಮೇಲೆ ಖಾಲಿ ಪೊಟ್ಟಣವನ್ನು ಕಸದಿಂದ ತೆಗೆದೆ. ಅದರ ಮೇಲೆ ಬಿಳಿ ಸ್ಟಿಕರ್ ಇತ್ತು: ಆಮದುದಾರರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಮಾಂಸಾಹಾರದ ಕಂದು ತ್ರಿಕೋನ, ಬೆಲೆ. ಇವೆಲ್ಲ ಇರಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಆ ಸ್ಟಿಕರ್ ಕುಳಿತಿದ್ದುದು ಸರಿಯಾಗಿ ಮೂಲ ಲೇಬಲ್‌ನ ಹೆಸರಿನ ಮೇಲೆ. ಕುದಿಯುವ ನೀರಿನ ಹಬೆಗೆ ಹಿಡಿದು, ಉಗುರಿನಿಂದ ಅಂಚು ಎಬ್ಬಿಸಿ, ಹರಿಯದಂತೆ ನಿಧಾನವಾಗಿ ಸುಲಿದೆ. ಕೆಳಗೆ ಸ್ಪ್ಯಾನಿಷ್ ಭಾಷೆಯಲ್ಲಿ ಹೀಗಿತ್ತು: ‘ಪಾಲೆತಾ ದೆ ಸೆಬೊ ಇಬೆರಿಕಾ, 50% ರಾಸಾ ಇಬೆರಿಕಾ’. ಜೊತೆಗೆ ಒಂದು ಬಿಳಿ ಪಟ್ಟಿ.

ನನ್ನ ಮಗಳು ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದಾಗ ಅವಳ ಜೊತೆ ಆರು ವಾರ ಇದ್ದು ಬಂದವಳು ನಾನು. ಅಲ್ಲಿನ ಸೂಪರ್ ಮಾರ್ಕೆಟ್‌ನಲ್ಲಿ ನಿಂತು ಈ ಪದಗಳನ್ನು ಒಂದೊಂದಾಗಿ ಕಲಿತಿದ್ದೇನೆ. ಪಾಲೆತಾ ಎಂದರೆ ಮುಂಗಾಲು. ಹ್ಯಾಮ್‌ಗೆ ಅಲ್ಲಿಯ ಹೆಸರು ಹಾಮೋನ್, ಅದು ಹಿಂಗಾಲಿನ ತೊಡೆ. ಸೆಬೊ ಎಂದರೆ ಕೊಟ್ಟಿಗೆಯಲ್ಲಿ ಧಾನ್ಯದ ಮೇವು ತಿನ್ನಿಸಿ ಕೊಬ್ಬಿಸಿದ ಹಂದಿ. 50% ಎಂದರೆ ತಾಯಿ ಮಾತ್ರ ಇಬೆರಿಕೋ ತಳಿ, ತಂದೆ ಡ್ಯೂರಾಕ್ ತಳಿ. ಅಂದರೆ ಅದು ಹ್ಯಾಮ್ ಅಲ್ಲ, ಓಕ್ ಕಾಯಿ ತಿಂದ ಹಂದಿಯದ್ದಲ್ಲ, ಶುದ್ಧ ತಳಿಯದ್ದೂ ಅಲ್ಲ. ನಿಮ್ಮ ಫಲಕದಲ್ಲಿ ನಿಜವಾಗಿದ್ದ ಮಾತು ಇಬೆರಿಕೋ ಎಂಬುದೊಂದೇ, ಅದೂ ಅರ್ಧ.

ಸ್ಪೇನ್‌ನಲ್ಲಿ ಈ ಮೋಸ ನಡೆಯಬಾರದೆಂದೇ 2014ರಲ್ಲಿ ರಾಜಾಜ್ಞೆಯೊಂದು ಬಂತು. ಇಬೆರಿಕೋ ಕಾಲುಗಳಿಗೆ ನಾಲ್ಕು ಬಣ್ಣದ ಮುದ್ರೆಗಳಿವೆ. ನೂರಕ್ಕೆ ನೂರು ಇಬೆರಿಕೋ ತಳಿಯ, ಓಕ್ ಕಾಯಿ ಮೇಯ್ದ ಹಂದಿಗೆ ಕಪ್ಪು. ಅದೇ ಮೇವು, ಆದರೆ ಮಿಶ್ರ ತಳಿಯಾದರೆ ಕೆಂಪು. ಬಯಲಿಗೆ ಬಿಟ್ಟು ಧಾನ್ಯ ಮತ್ತು ಹುಲ್ಲಿನ ಮೇಲೆ ಬೆಳೆಸಿದರೆ ಹಸಿರು. ಕೊಟ್ಟಿಗೆಯದಕ್ಕೆ ಬಿಳಿ. ‘ಪಾತಾ ನೆಗ್ರಾ’ ಎಂಬ ಮಾತನ್ನು ಕಪ್ಪು ಮುದ್ರೆಯದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಓಕ್ ಕಾಯಿಯ ಹೆಸರು ಪಡೆಯಲು ಹಂದಿ ಚಳಿಗಾಲದಲ್ಲಿ ಕನಿಷ್ಠ 60 ದಿನ ಕಾಡಿನಂಥ ಹುಲ್ಲುಗಾವಲಿನಲ್ಲಿ ಮೇಯಬೇಕು, ಅಲ್ಲಿ ಕನಿಷ್ಠ 46 ಕಿಲೋ ತೂಕ ಹೆಚ್ಚಿಸಿಕೊಳ್ಳಬೇಕು. ಉವೆಲ್ವಾ ಪ್ರಾಂತ್ಯದ ಹಾಬುಗೋ ಊರಿನ ಹೊರಗೆ ಅಂಥ ಹುಲ್ಲುಗಾವಲನ್ನು ನೋಡಿದ್ದೇನೆ. ನಮ್ಮ ತೋಟದ ನೆರಳಿನ ಮರಗಳಂತೆ ಅಂತರ ಬಿಟ್ಟು ನಿಂತ ಓಕ್ ಮರಗಳು, ಅವುಗಳ ಬುಡದಲ್ಲಿ ಮೂತಿ ಊರಿ ಕಾಯಿ ಹೆಕ್ಕುತ್ತಾ ಸಾಗುವ ಕಪ್ಪು ಹಂದಿಗಳು. ಅಷ್ಟು ಜಾಗ, ಅಷ್ಟು ಕಾಲ, ಅಷ್ಟು ಮರ ಬೇಕಾಗುವುದರಿಂದಲೇ ಆ ಮಾಂಸಕ್ಕೆ ಬೆಲೆ. ಮೇಯ್ದ ಓಕ್ ಕಾಯಿಯಿಂದಾಗಿ ಅದರ ಕೊಬ್ಬು ಬೆರಳಿನ ಬಿಸಿಗೇ ಕರಗುತ್ತದೆ.

ಕಾಯುವ ಕಾಲಕ್ಕೂ ಲೆಕ್ಕವಿದೆ. ಇಬೆರಿಕೋ ತೊಡೆ ಏಳು ಕಿಲೋಗಿಂತ ಕಡಿಮೆಯಿದ್ದರೆ 600 ದಿನ, ಅದಕ್ಕಿಂತ ಭಾರವಾದರೆ 730 ದಿನ ಹದಗೊಳ್ಳಬೇಕು. ಮುಂಗಾಲಿಗೆ 365 ದಿನ ಸಾಕು. ಅಣ್ಣನಿಗೆ ಎರಡು ವರ್ಷದ್ದೆಂದು ಹೇಳಿ ನಾನು ಬಡಿಸಿದ್ದಕ್ಕೆ ಒಂದು ವರ್ಷ ಮಾತ್ರ ತುಂಬಿದ್ದಿರಬಹುದು.

ಕೊಟ್ಟಿಗೆಯ ಹಂದಿಯ ಮುಂಗಾಲು ಕೆಟ್ಟ ಪದಾರ್ಥ ಎಂದು ನಾನು ಹೇಳುತ್ತಿಲ್ಲ. ಮ್ಯಾಡ್ರಿಡ್‌ನಲ್ಲಿ ನಾವೇ ಅದನ್ನು ಬಹಳ ಸಲ ತಂದಿದ್ದೇವೆ. ವಾರದ ನಡುವೆ ಬ್ರೆಡ್ ಮೇಲಿಡಲು ಅದು ಚೆನ್ನಾಗಿಯೇ ಇರುತ್ತದೆ, ಕೈಗೂ ಎಟುಕುತ್ತದೆ. ಅದನ್ನು ಅದರ ಹೆಸರಿನಲ್ಲಿ, ಅದರ ಬೆಲೆಗೆ ಮಾರಿ ಎನ್ನುವುದಷ್ಟೇ ನನ್ನ ಮಾತು.

ಬೆಲೆಯ ವಿಷಯಕ್ಕೆ ಬರುತ್ತೇನೆ. ಅದೇ ಫ್ರಿಜ್‌ನಲ್ಲಿ ಸೆರಾನೋ ಹ್ಯಾಮ್ ಕೂಡ ಇತ್ತು, ಬಿಳಿ ಹಂದಿಯ ತೊಡೆಯದ್ದು. ಅದರ ಮೇಲೆ ‘ಗ್ರಾನ್ ರೆಸೆರ್ವಾ’ ಎಂದಿತ್ತು. ಸ್ಪೇನ್‌ನ ನಿಯಮದಂತೆ ಆ ಮಾತಿಗೆ ಅರ್ಥ ಕನಿಷ್ಠ 15 ತಿಂಗಳು ಹದಗೊಂಡದ್ದು ಎಂದು. ಬರೀ ‘ರೆಸೆರ್ವಾ’ ಆದರೆ 12 ತಿಂಗಳು, ‘ಬೊದೇಗಾ’ ಆದರೆ 9. ನಿಮ್ಮ ಫಲಕದಲ್ಲಿ ಇದರ ಸುಳಿವೂ ಇಲ್ಲ, ‘ಸಾದಾ ಹ್ಯಾಮ್’ ಎಂದು ಬರೆದಿದ್ದೀರಿ. 100 ಗ್ರಾಂಗೆ 950 ರೂಪಾಯಿ. ಅದರ ಮಗ್ಗುಲಲ್ಲೇ ಅದೇ ಹ್ಯಾಮ್‌ನ 200 ಗ್ರಾಂ ಪೊಟ್ಟಣ, ಕೆಂಪು ಅಕ್ಷರದಲ್ಲಿ ‘ಉಳಿತಾಯ ಪೊಟ್ಟಣ’ ಎಂಬ ಪಟ್ಟಿ, ಬೆಲೆ 2,100. ಗ್ರಾಂಗೆ ಹತ್ತೂವರೆ ರೂಪಾಯಿ! ಚಿಕ್ಕ ಪೊಟ್ಟಣದಲ್ಲಿ ಒಂಬತ್ತೂವರೆ. ಎರಡು ಚಿಕ್ಕದನ್ನು ಕೊಂಡವರಿಗೆ 200 ರೂಪಾಯಿ ಉಳಿಯುತ್ತದೆ, ‘ಉಳಿತಾಯ’ದ್ದನ್ನು ಕೊಂಡವರ ಕೈಯಿಂದ ಅಷ್ಟೇ ಹೋಗುತ್ತದೆ. ಗ್ರಾಂ ಲೆಕ್ಕದ ಬೆಲೆ ಸ್ಟಿಕರ್‌ನ ಮೂಲೆಯಲ್ಲಿ ಮುದ್ರಣವಾಗಿದೆ ನಿಜ, ಆದರೆ ಕನ್ನಡಕ ಹಾಕಿ ಫ್ರಿಜ್‌ನ ಬೆಳಕಿಗೆ ಹಿಡಿದರೂ ನನಗೆ ಓದಲು ಕಷ್ಟವಾಯಿತು. ಮ್ಯಾಡ್ರಿಡ್‌ನಲ್ಲಿ ಪ್ರತಿ ಪೊಟ್ಟಣದ ಕೆಳಗಿನ ಫಲಕದಲ್ಲೇ ಕಿಲೋ ಬೆಲೆ ಇರುತ್ತದೆ. ಮುದುಕಿಯರು ಅದೊಂದನ್ನೇ ನೋಡಿ ಬುಟ್ಟಿಗೆ ಹಾಕಿಕೊಳ್ಳುವುದನ್ನು ನೋಡಿದ್ದೇನೆ.

ಸೋಮವಾರ ಸುಲಿದ ಲೇಬಲ್ ಹಿಡಿದು, ಉಳಿದಿದ್ದ ನಾಲ್ಕು ಚೂರುಗಳೊಂದಿಗೆ ನಿಮ್ಮ ಮಳಿಗೆಗೆ ಬಂದೆ. ಕೌಂಟರ್‌ನಲ್ಲಿದ್ದ ಹುಡುಗ ಬಹಳ ಮರ್ಯಾದೆಯಿಂದ ನಡೆದುಕೊಂಡ, ಅದನ್ನು ಹೇಳಲೇಬೇಕು. ಚೂರುಗಳ ಮೇಲಿದ್ದ ಬಿಳಿ ಕಣಗಳನ್ನು ನೋಡಿ, “ಮೇಡಂ, ಹಾಳಾಗಿದೆ ಎಂದು ಬರೆದುಕೊಂಡು ಪೂರ್ತಿ ಹಣ ಕೊಟ್ಟುಬಿಡುತ್ತೇನೆ, ಕಂಪ್ಯೂಟರಿನಲ್ಲಿ ಬೇರೆ ಕಾರಣ ಇಲ್ಲ” ಎಂದ. ನಾನು ಒಪ್ಪಲಿಲ್ಲ. ಆ ಕಣಗಳು ಟೈರೋಸಿನ್, ಪ್ರೋಟೀನು ನಿಧಾನವಾಗಿ ಒಡೆಯುವಾಗ ಹರಳುಗಟ್ಟಿ ಕಾಣಿಸಿಕೊಳ್ಳುವಂಥದ್ದು. ಹದ ಬಂದ ಹ್ಯಾಮ್‌ನ ಗುರುತು ಅದು, ಬೂಷ್ಟಲ್ಲ. ಚೆನ್ನಾಗಿರುವ ಮಾಂಸವನ್ನು ಹಾಳಾಗಿದೆ ಎಂದು ಬರೆಸಿ ಹಣ ಪಡೆದರೆ ದೂಷಣೆ ಅದನ್ನು ಹದ ಮಾಡಿದವರ ತಲೆಗೆ ಹೋಗುತ್ತದೆ, ನಿಮ್ಮ ಫಲಕ ಇದ್ದಲ್ಲೇ ಇರುತ್ತದೆ. ಆದ್ದರಿಂದ ಹಣ ತೆಗೆದುಕೊಳ್ಳದೆ ಬಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಆ ಫಲಕವನ್ನು ತೆಗೆಯಿರಿ. ಆಮದುದಾರರಿಗೆ ಹೇಳಿ ಸ್ಟಿಕರ್ ಅನ್ನು ಪೊಟ್ಟಣದ ಹಿಂಬದಿಗೆ, ಮೂಲ ಹೆಸರು ಮತ್ತು ಬಣ್ಣದ ಪಟ್ಟಿ ಕಾಣುವಂತೆ ಅಂಟಿಸಲು ತಿಳಿಸಿ. ಹೊಸ ಫಲಕದಲ್ಲಿ ತೊಡೆಯೋ ಮುಂಗಾಲೋ, ತಳಿ ಎಷ್ಟು ಪಾಲು, ಮೇವು ಏನು, ಎಷ್ಟು ತಿಂಗಳು ಹದಗೊಂಡದ್ದು ಎಂಬುದನ್ನು ಕನ್ನಡದಲ್ಲಿ ಬರೆಯಿರಿ. ನಾಲ್ಕು ಸಾಲು ಸಾಕು, ಬೇಕಾದರೆ ನಾನೇ ಬರೆದು ಕೊಡುತ್ತೇನೆ. ನೂರು ಗ್ರಾಂ ಬೆಲೆಯನ್ನು ಪೊಟ್ಟಣದ ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ, ‘ಉಳಿತಾಯ’ದ ಪಟ್ಟಿಯನ್ನು ಕಿತ್ತುಹಾಕಿ. ನನ್ನ 1,480 ರೂಪಾಯಿಯನ್ನು ‘ತಪ್ಪು ವಿವರ ನೀಡಿ ಮಾರಿದ್ದಕ್ಕಾಗಿ’ ಎಂಬ ಕಾರಣವನ್ನೇ ಬರೆದು ಹಿಂತಿರುಗಿಸಿ. ಆ ಕಾರಣ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಸೇರಿಸಿ.

ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲಿಯೂ ಇತ್ಯರ್ಥವಾಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲಿನ ಪ್ರತಿ, ಫಲಕದ ಫೋಟೋ, ಸ್ಟಿಕರ್ ಸುಲಿಯುವ ಮೊದಲು ಮತ್ತು ಸುಲಿದ ನಂತರದ ಲೇಬಲ್‌ನ ಫೋಟೋಗಳನ್ನು ಲಗತ್ತಿಸಿದ್ದೇನೆ. ಮೂಲ ಲೇಬಲ್ ನನ್ನ ಬಳಿಯೇ ಇದೆ.

ಇಂತಿ,
ನಿಮ್ಮ ಮಳಿಗೆಯ ಹನ್ನೊಂದು ವರ್ಷಗಳ ಗ್ರಾಹಕಿ