ನೋರಾಳ ಜೊತೆ ನಿಂತವರಿಗೆಲ್ಲ

ಶನಿವಾರ ಕಾರವಾರದ ರಂಗಮಂದಿರದಲ್ಲಿ, ನನ್ನ ನೃತ್ಯ ಪ್ರಯೋಗದಲ್ಲಿ, ನಮ್ಮ ನೋರಾ ಕುಣಿದಳು. ಬಂದವರಿಗೆ, ಬರಲಾಗದೆ ಫೋನ್ ಮಾಡಿ ವಿಚಾರಿಸಿದವರಿಗೆ, ಎಲ್ಲರಿಗೂ ಧನ್ಯವಾದ. ಒಬ್ಬೊಬ್ಬರ ಹತ್ತಿರ ಬಂದು ಹೇಳಬೇಕಿತ್ತು, ಅವತ್ತಿನ ಗಡಿಬಿಡಿಯಲ್ಲಿ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೋರಾ ಯಾರು ಅಂತ ತುಂಬಾ ಜನ ಕೇಳಿದಿರಿ. ನಾರ್ವೆಯ ಹೆನ್ರಿಕ್ ಇಬ್ಸೆನ್ 1879ರಲ್ಲಿ ಬರೆದ 'ಎ ಡಾಲ್ಸ್ ಹೌಸ್' ನಾಟಕದವಳು. ಗಂಡನ ಜೀವ ಉಳಿಸಲು ಅಪ್ಪನ ಸಹಿಯನ್ನು ತಾನೇ ಹಾಕಿ ಸಾಲ ಮಾಡಿರುತ್ತಾಳೆ. ಅದನ್ನು ಬಯಲು ಮಾಡುವ ಪತ್ರ ಮನೆಯ ಅಂಚೆ ಪೆಟ್ಟಿಗೆಯೊಳಗೆ ಬಿದ್ದಿದೆ, ಕೀಲಿಕೈ ಗಂಡನ ಹತ್ತಿರ. ಅವನು ಆ ಕಡೆ ಹೋಗದಿರಲಿ ಅಂತ ಅವಳು ಟ್ಯಾರಂಟೆಲ್ಲಾ ಕುಣಿಯುತ್ತಾಳೆ, ದಕ್ಷಿಣ ಇಟಲಿಯ ಕುಣಿತ ಅದು. ಮರುದಿನದ ಪಾರ್ಟಿಯಲ್ಲಿ ಅವಳು ಅಲ್ಲಿನ ಮೀನುಗಾರ ಹುಡುಗಿಯ ವೇಷ ಹಾಕಿ ಕುಣಿಯಬೇಕು ಅನ್ನೋದು ಗಂಡನ ಆಸೆ. ಗಂಡನ ಕಣ್ಣಿಗೆ ಚೆಂದ ಕಾಣಲಿ ಅಂತ ಹಾಕುವ ಮೀನುಗಾರಳ ವೇಷ! ನಿಜವಾದ ಮೀನುಗಾರ ಹೆಂಗಸರು ಅದನ್ನು ನೋಡಿದರೆ ಏನನ್ನಬಹುದು? ನನ್ನ ನೃತ್ಯ ಶುರುವಾಗಿದ್ದೇ ಇಲ್ಲಿಂದ.

ಹಾಗಾಗಿ ಮೊದಲ ಋಣ ಕಾರವಾರದ ಮೀನು ಮಾರ್ಕೆಟ್ಟಿನ ಅಕ್ಕಂದಿರದ್ದು. ನಾನು ಶಿರಸಿ ಕಡೆಯವಳು, ಅಡಿಕೆ ಒಣಗಿಸುವ ಅಂಗಳದಲ್ಲಿ ಆಡಿ ಬೆಳೆದವಳು, ತಲೆ ಮೇಲೆ ಬುಟ್ಟಿ ಹೊತ್ತು ಬೀಸಿ ನಡೆಯುವ ನಡಿಗೆ ನನಗೆ ಎಲ್ಲಿಂದ ಬರಬೇಕು? ಬೈತಖೋಲಕ್ಕೆ ದೋಣಿ ಬರುವ ಹೊತ್ತಿಗೆ ಹೋಗಿ ಸುಮ್ನೆ ಅವರ ಹಿಂದೆ ಸುತ್ತುತ್ತಿದ್ದೆ. ವ್ಯಾಪಾರದ ಹೊತ್ತು, ಆದರೂ ಯಾರೂ ಬೈದು ಕಳಿಸಲಿಲ್ಲ. ಕಚ್ಚೆ ಹಾಕಿ ಸೀರೆ ಉಡಿಸಿದರು, ಬಂಗಡೆ ತುಂಬಿದ ಬುಟ್ಟಿ ತಲೆಗೆ ಏರಿಸಿದರು. "ಕುತ್ತಿಗೆ ಬಿಗಿ ಹಿಡೀಬೇಡ ತಂಗಿ, ಭಾರ ಕಾಲಿಗೆ ಬಿಡು" ಅಂದರು ಒಬ್ಬರು. ಇಷ್ಟು ವರ್ಷ ಡಾನ್ಸ್ ಕಲಿತಿದ್ದೇನೆ, ಈ ಮಾತು ಯಾವ ಕ್ಲಾಸಿನಲ್ಲೂ ಸಿಕ್ಕಿರಲಿಲ್ಲ. ನನ್ನ ನೋರಾ ಕೊನೆಯಲ್ಲಿ ಮನೆ ಬಿಟ್ಟು ಹೊರಡುವಾಗ ನಡೆಯುವುದು ಇದೇ ನಡಿಗೆ.

ಹೊನ್ನಾವರ ಕಡೆಯ ನಮ್ಮ ಮದ್ದಲೆ ಅಣ್ಣನಿಗೆ ದೊಡ್ಡ ನಮಸ್ಕಾರ. ಟ್ಯಾರಂಟೆಲ್ಲಾ ಆರರ ಎಣಿಕೆ. ನಮ್ಮ ರೂಪಕ ತಾಳವೂ ಆರೇ, ಆದರೆ ಟ್ಯಾರಂಟೆಲ್ಲಾ ಮೂರು-ಮೂರಾಗಿ ಒಡೆಯುತ್ತದೆ, ರೂಪಕ ಎರಡು-ನಾಲ್ಕಾಗಿ. ನಾಟಕದಲ್ಲಿ ಗಂಡ ನಿಧಾನ, ನಿಧಾನ ಅನ್ನುತ್ತಾನೆ, ನೋರಾ ಕೇಳುವುದಿಲ್ಲ. ಆ ಜಾಗದಲ್ಲಿ ಅಣ್ಣ ಎರಡೂ ಲೆಕ್ಕವನ್ನು ಒಂದರ ಮೇಲೊಂದು ಹಾಕಿ ನುಡಿಸಿದರಲ್ಲ, ನನ್ನ ಕಾಲಿಗೆ ಯಾವುದನ್ನು ಹಿಡಿಯಬೇಕು ಅಂತಲೇ ತಿಳಿಯದ ಹಾಗಾಯಿತು. ನೋರಾಳಿಗೂ ಆ ಹೊತ್ತಿಗೆ ಹಾಗೇ ಆಗಿರಬೇಕು ಅಲ್ವಾ?

ಮಳೆಗಾಲದಲ್ಲಿ ಮೊಣಕಾಲು ಊದಿ ಮಲಗಿದ್ದಾಗ ಇದೆಲ್ಲ ಬೇಡ ಅನ್ನಿಸಿತ್ತು. ಆಯಿ ಬೇಡ ಅನ್ನಲಿಲ್ಲ, ಮಾಡು ಅಂತಲೂ ಅನ್ನಲಿಲ್ಲ, ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ತಂದು ಕೂರುತ್ತಿದ್ದಳು. ಆಗ ಓದಿದ ಒಂದು ವಿಷಯ ಜಾಸ್ತಿ ಧೈರ್ಯ ಕೊಟ್ಟಿತು. ಕೋಪನ್‌ಹೇಗನ್‌ನಲ್ಲಿ ಮೊಟ್ಟಮೊದಲು ನೋರಾ ಆದ ಬೆಟ್ಟಿ ಹೆನಿಂಗ್ಸ್ ಬ್ಯಾಲೆ ಬಿಟ್ಟು ನಾಟಕಕ್ಕೆ ಬಂದವಳು! ನೋರಾ ಮೊದಲಿಂದಲೂ ಒಬ್ಬ ನರ್ತಕಿಯ ಮೈಯಲ್ಲೇ ಇದ್ದಳು ಅಂತ ಖುಷಿಯಾಯಿತು. ಆಯಿಗೆ, ಬೆಳಕು ಮಾಡಿದ ಗೆಳತಿಗೆ, ಘಟ್ಟ ಇಳಿದು ಸಾಮಾನು ಸಾಗಿಸಿದ ಟೆಂಪೋ ಹುಡುಗರಿಗೆ, ನಿಮಗೆಲ್ಲ ಶರಣು.

ಕೊನೆಯದಾಗಿ ಮಾರ್ಕೆಟ್ಟಿನ ಆ ಅಕ್ಕನಿಗೆ. ನೋರಾ ಗಂಡ, ಮಕ್ಕಳನ್ನು ಬಿಟ್ಟು ಹೋಗಬಾರದಿತ್ತು ಅಂತ ಹಲವರು ಹೇಳಿದರು. 1880ರಲ್ಲಿ ಜರ್ಮನಿಯ ನಟಿಯೊಬ್ಬಳು ಹಾಗೇ ಹಟ ಹಿಡಿದಿದ್ದರಿಂದ ಇಬ್ಸೆನ್ ಮನಸ್ಸಿಲ್ಲದೆ ಬೇರೆ ಕೊನೆ ಬರೆದುಕೊಟ್ಟಿದ್ದ. ಅಕ್ಕ ಕೇಳಿದ್ದು ಒಂದೇ: "ಹೋದಳು ಸರಿ. ಹೊಟ್ಟೆಗೆ ಏನು ಮಾಡ್ತಾಳೆ? ಕೆಲಸ ಬರ್ತದಾ ಅವಳಿಗೆ?" ಬರುತ್ತದೆ ಅಕ್ಕ. ನಾಟಕದಲ್ಲೇ ಇದೆ, ಸಾಲ ತೀರಿಸಲು ಅವಳು ರಾತ್ರಿ ಬಾಗಿಲು ಹಾಕಿಕೊಂಡು ಪ್ರತಿ ಬರೆಯುವ ಕೆಲಸ ಮಾಡಿ ದುಡಿದಿರುತ್ತಾಳೆ. ಶಿರಸಿಯ ಪ್ರಯೋಗದಲ್ಲಿ ಆ ರಾತ್ರಿಗಳು ಸೇರುತ್ತವೆ. ನೀವು ಬರಬೇಕು, ಬಸ್ಸಿನ ವ್ಯವಸ್ಥೆ ನನ್ನದು.