ಬಡಿಗೆ ಹಿಡಿಯುವ ಮೊದಲು

ಗಂಗಾವತಿ

ಚಿರಂಜೀವಿ ಮೊಮ್ಮಗಳಿಗೆ ನಿನ್ನ ಅಜ್ಜ ಮಾಡುವ ಆಶೀರ್ವಾದಗಳು.

ನಾನು, ನಿನ್ನ ಅಜ್ಜಿ ಇಬ್ಬರೂ ಕ್ಷೇಮ. ಧಾರವಾಡದಿಂದ ನೀನು ಬರೆದ ಪತ್ರ ಬಂದು ಎಂಟು ದಿನವಾಯಿತು. ಸರಕಾರ, ಪೊಲೀಸು, ಕೋರ್ಟು ಯಾವುದೂ ಇಲ್ಲದ ನಾಡಿನಲ್ಲಿ ಗುರುತು ಪರಿಚಯವಿಲ್ಲದವನ ಹಕ್ಕಿಗೆ ಯಾರು ನಿಲ್ಲಬೇಕು ಎಂದು ನಿಮ್ಮ ಕಾನೂನು ತರಗತಿಯಲ್ಲಿ ವಾದ ನಡೆಯಿತಂತೆ. "ನಾನಾದರೆ ಬಡಿಗೆ ಹಿಡಿದು ನಿಲ್ಲುತ್ತಿದ್ದೆ" ಎಂದು ಕೊನೆಗೆ ಬರೆದಿದ್ದೀಯ. ಓದಿ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಅಂಥ ನಾಡಿನಲ್ಲಿ ನಾನು ಕೆಲವು ವಾರ ಬದುಕಿದ್ದೇನೆ ಅವ್ವಾ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕೆ ಬಂತು, 17ಕ್ಕೆ ನಿಜಾಮ ಶರಣಾದ. ನಮ್ಮ ಗಂಗಾವತಿ ಆಗ ರಾಯಚೂರು ಜಿಲ್ಲೆಯಲ್ಲಿ, ನಿಜಾಮನ ಕೈಕೆಳಗೆ. ನನಗೆ ಒಂಬತ್ತು ವರ್ಷ. ಹಳೇ ಪೊಲೀಸ್ ಅಮೀನಸಾಹೇಬ ಓಡಿಹೋಗಿದ್ದ, ಹೊಸಬ ಬಂದಿರಲಿಲ್ಲ. ಅದಕ್ಕೂ ಮೊದಲು, ನಿಜಾಮನ ಪರ ಆಯುಧ ಹಿಡಿದಿದ್ದ ರಜಾಕಾರರ ಕಾಟ ತಾಳದೆ ನಮ್ಮ ಕಡೆಯವರು ಗಡಿಯಾಚೆ ಮುಂಡರಗಿಯಂಥ ಶಿಬಿರಗಳಿಗೆ ಹೋಗಿದ್ದರು. ಆ ಸೇಡು ಈಗ ರಜಾಕಾರರಿಗೆ ಸಂಬಂಧವೇ ಇಲ್ಲದ ಮುಸಲ್ಮಾನರ ಮೇಲೂ ತಿರುಗಿತು. ನೆಹರೂ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ, ಇಡೀ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು.

ಒಂದು ರಾತ್ರಿ ನಮ್ಮ ಮನೆಯ ಕದ ಬಡಿದ ಸದ್ದಾಯಿತು. ಅತ್ತರು ಮಾರುವವನೊಬ್ಬ, ಅವನ ಹೆಂಡತಿ, ಒಂದು ಎದೆಗೂಸು. ಯಾವ ಊರಿನವರೋ. ಕದ ತೆಗೆದವಳು ನನ್ನ ಅವ್ವ. ಅಪ್ಪ ಅವರನ್ನು ಖಾಲಿ ಹಗೇವಿಗೆ, ಅಂದರೆ ನೆಲದೊಳಗಿನ ಕಾಳಿನ ಗುಂಡಿಗೆ, ಇಳಿಸೋಣ ಅಂದ. "ಈಗ ಬಾಯಿ ತೆಗೆದ ಹಗೇವು, ಉಸಿರು ಕಟ್ಟಿ ಸಾಯ್ತಾರ" ಎಂದು ಅವ್ವ ದನದ ಮನೆಯಲ್ಲಿ, ಕಣಿಕೆಯ ಹಿಂದೆ ಮಲಗಿಸಿದಳು. ಬೆಳಗಾಗುವಷ್ಟರಲ್ಲಿ ಅಂಗಳದಲ್ಲಿ ಮೂವತ್ತು ನಾಲ್ವತ್ತು ಜನ. ಅಪ್ಪ ಬಡಿಗೆ ಹಿಡಿದು ಹೊಸ್ತಿಲಲ್ಲಿ ನಿಂತ. "ನನ್ನ ಮನಿಗೆ ಬಂದವರು. ಇವರನ್ನ ಮುಟ್ಟಿದ್ರ ನನ್ನ ಮುಟ್ಟಿದಂಗ" ಅಂದ.

ಮಾಸ್ತರನಾಗಿದ್ದಷ್ಟು ವರ್ಷ ಇದನ್ನು ಮಕ್ಕಳಿಗೆ ಎದೆಯುಬ್ಬಿಸಿ ಹೇಳುತ್ತಿದ್ದೆ. ವಯಸ್ಸಾದಂತೆ ಅಪ್ಪನ ಆ ಮಾತಿನಲ್ಲಿ ಒಂದು ಕೊರತೆ ಕಾಣತೊಡಗಿತು. ನನ್ನ ಮನೆಗೆ ಬಂದವರು ಎಂಬ ಕಾರಣಕ್ಕೆ ಕಾಯುವುದಾದರೆ, ಪಕ್ಕದ ಓಣಿಯಲ್ಲಿ ಸಿಕ್ಕಿಬಿದ್ದವನ ಗತಿ ಏನು? ಸೊಮಾಲಿಯಾದಲ್ಲಿ 1991ರಲ್ಲಿ ಸರಕಾರ ಕುಸಿದಾಗಲೂ ಅವರ ಕುಲಗಳ ಕಟ್ಟಳೆ ಉಳಿದಿತ್ತು, ಅದಕ್ಕೆ ಅವರು ಹೀರ್ ಎನ್ನುತ್ತಾರೆ. ಆ ಕಟ್ಟಳೆಯಂತೆ ಒಬ್ಬ ಗಂಡಸನ್ನು ಕೊಂದರೆ ನೂರು ಒಂಟೆ ದಂಡ, ಅದನ್ನು ಕೊಂದವನ ಬಳಗವೆಲ್ಲ ಸೇರಿ ತೆರಬೇಕು. ಹಿಂದಿನ ಕಾಲದಲ್ಲಿ ಪರದೇಶಿ ವ್ಯಾಪಾರಿ ಅಲ್ಲಿ ಕಾಲಿಡಬೇಕಾದರೆ ಆ ಸೀಮೆಯ ಒಬ್ಬನನ್ನು 'ಅಬಾನ್', ಅಂದರೆ ತನ್ನನ್ನು ಕಾಯುವವ, ಎಂದು ಹಿಡಿಯುತ್ತಿದ್ದ. ಅವನಿಗೆ ಬಿದ್ದ ಏಟು ಅಬಾನನ ಮಾನಕ್ಕೆ ಬಿದ್ದ ಏಟು. ಇದು ಬಹಳ ಜೀವ ಉಳಿಸಿರಬೇಕು. ಆದರೆ ಅಬಾನ್ ಸಿಗದವನೂ ಮನುಷ್ಯನೇ ಅಲ್ಲವೇ? ಅವನ ಹಕ್ಕು ನಮ್ಮ ಹೊಸ್ತಿಲು ದಾಟಿದ ಮೇಲೆ ಹುಟ್ಟುವಂಥದ್ದಲ್ಲ.

ಅಂಗಳದ ಗುಂಪಿನಲ್ಲಿ ಒಬ್ಬ, "ರಜಾಕಾರರಿಗೆ ನಮ್ಮ ಮನಿ ತೋರಿಸಿದವ ಇವನೇ" ಎಂದು ಕೂಗುತ್ತಿದ್ದ. ಅವನ ಅಣ್ಣನನ್ನು ರಜಾಕಾರರು ಹೊಡೆದಿದ್ದರು. ಅಪ್ಪ ಅವನನ್ನು ಮಾತಾಡಗೊಡದೆ ಹಿಂದಕ್ಕೆ ನೂಕಿದ. ಇದು ತಪ್ಪಾಯಿತು. ದೈವದ, ಅಂದರೆ ಊರ ಪಂಚರ, ಹಿರಿಯರೊಬ್ಬರು ನಡುವೆ ಬಂದು ಇಬ್ಬರನ್ನೂ ಅಗಸಿಕಟ್ಟೆಗೆ ಕರೆದೊಯ್ದು ಕೂಡಿಸಿ ಮಾತಾಡಿಸಿದರು. ಮನೆ ತೋರಿಸಿದವ ಬೇರೆ ಯಾರೋ ಎಂದು ತಾಸಿನೊಳಗೆ ತಿಳಿಯಿತು. ಇವನೇ ಆಗಿದ್ದರೂ ಗುಂಪಿನ ಕೈಯಲ್ಲಿ ಸಾಯಬೇಕಿರಲಿಲ್ಲ. ಆದರೆ ಅಣ್ಣನ ಪೆಟ್ಟನ್ನು ಕಣ್ಣಾರೆ ಕಂಡವನ ದೂರನ್ನೂ ಯಾರಾದರೂ ಕೇಳಲೇಬೇಕಿತ್ತು. ಕೋರ್ಟಿಲ್ಲದ ಕಡೆ ಕಾಯುವವನೇ ಆ ಕಿವಿಯೂ ಆಗಬೇಕಾಗುತ್ತದೆ.

ಆಮೇಲೆ ಅಪ್ಪನಿಗೆ ಹುರುಪು ಬಂತು. ಲೂಟಿಯಾದ ಅತ್ತರಿನ ಪೆಟ್ಟಿಗೆ ತಂದಿಡಬೇಕು ಎಂದು ಪಟ್ಟು ಹಿಡಿದ. ಪೆಟ್ಟಿಗೆಯವನು ಕೈಮುಗಿದು, "ಪೆಟ್ಟಿಗಿ ಬ್ಯಾಡ್ರಿ ಗೌಡ್ರ, ಹೊಳಿ ದಾಟಿಸಿ ಬಿಡ್ರಿ" ಅಂದ. ತುಂಗಭದ್ರೆಯ ಆಚೆ ದಂಡೆ ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ. ಅಲ್ಲಿ ಠಾಣೆಯಿತ್ತು, ಪೊಲೀಸರಿದ್ದರು. ಹಕ್ಕು ಅವನದು, ಬಿಟ್ಟುಕೊಡುವವನೂ ಅವನೇ, ಎಂಬುದು ಆಗ ಅಪ್ಪನಿಗೆ ಹೊಳೆದಿರಲಿಲ್ಲ. ಅರೆಮನಸ್ಸಿನಿಂದ ಒಪ್ಪಿ, ಅಂದು ರಾತ್ರಿ ಆನೆಗೊಂದಿಗೆ ಬಂಡಿಯಲ್ಲಿ ಕರೆದೊಯ್ದು ಹರಿಗೋಲು ಹತ್ತಿಸಿ ಬಂದ.

ಐಸ್‌ಲ್ಯಾಂಡ್ ಎಂಬ ದ್ವೀಪದ ವಿಷಯ ನಿನ್ನ ಪುಸ್ತಕದಲ್ಲೂ ಇರಬಹುದು. 930ರ ಸುಮಾರಿನಿಂದ 1262ರವರೆಗೆ ಅಲ್ಲಿ ರಾಜನಿರಲಿಲ್ಲ, ಪೊಲೀಸರಿರಲಿಲ್ಲ. ವರ್ಷಕ್ಕೊಮ್ಮೆ ಆಲ್ಥಿಂಗ್ ಎಂಬ ಸಭೆ ಕೂಡಿ ತೀರ್ಪು ಕೊಡುತ್ತಿತ್ತು, ಜಾರಿ ಮಾಡುವುದು ಮಾತ್ರ ಗೆದ್ದವನ ಪಾಲು. ಕೈಲಾಗದವನು ತನ್ನ ದಾವೆಯನ್ನೇ ಬಲವುಳ್ಳವನಿಗೆ ವಹಿಸಿಕೊಡಬಹುದಿತ್ತು. ಎಷ್ಟು ಚೆಂದದ ಏರ್ಪಾಟು ಎನಿಸುತ್ತದೆ. ಆದರೆ ಬರಬರುತ್ತ ಬಲವೆಲ್ಲ ಕೆಲವೇ ಮನೆತನಗಳ ಕೈಸೇರಿತು, ಅವು ತಮ್ಮತಮ್ಮಲ್ಲೇ ಬಡಿದಾಡಿದವು, ಕೊನೆಗೆ ಜನ ನಾರ್ವೆಯ ರಾಜನಿಗೆ ತಲೆಬಾಗಿದರು. ನನ್ನ ಹೆದರಿಕೆ ಇದೇ. ಇಂದು ಬಡವನ ಪರ ಬಡಿಗೆ ಹಿಡಿದವನು ನಾಳೆ ಅವನ ಒಡೆಯನಾಗಿ ಕೂತರೆ, ಆ ಬಡವ ಯಾರ ಕದ ಬಡಿಯಬೇಕು?

ಇನ್ನೊಂದು ಮಾತು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆ ಬೆಳಗ್ಗೆ ಒಳಕೋಣೆಯಲ್ಲಿ ಚಿಗವ್ವ ತುಂಬಿದ ಬಸುರಿ. ಗುಂಪು ಮನೆಗೆ ಬೆಂಕಿ ಹಚ್ಚಿದ್ದರೆ ಅವಳಿಗೆ ಓಡುವುದೂ ಆಗುತ್ತಿರಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ. ನಿನ್ನ ಜೀವ ನೀನು ಒತ್ತೆ ಇಡು ತಂಗಿ, ಬೇಡ ಅನ್ನುವುದಿಲ್ಲ. ಜೊತೆಗಿದ್ದವರ ಜೀವವನ್ನು ಕೇಳದೆ ಇಡಬೇಡ. ಕೇಳಿದ್ದರೆ ಚಿಗವ್ವ ಹೂಂ ಅನ್ನುತ್ತಿದ್ದಳು ಎಂದೇ ನನ್ನ ನಂಬಿಕೆ, ಆದರೂ ಕೇಳಬೇಕಿತ್ತು.

ನಾಲ್ಕು ತಿಂಗಳಾದ ಮೇಲೆ ಅತ್ತರಿನವನು ಹೊಸಪೇಟೆ ಕಡೆಯಿಂದ ಬಂದ. ಎರಡು ಕಲ್ದಾರ ರೂಪಾಯಿ ತೆಗೆದು ಕಟ್ಟೆಯ ಮೇಲಿಟ್ಟ. ಅಪ್ಪ ಸಿಟ್ಟಾಗಿ, "ರೊಕ್ಕಕ್ಕ ಮಾಡಿಲ್ಲೋ" ಎಂದು ದೂಡಿದ. ಅವ್ವ ಮುಂದೆ ಬಂದು ಎರಡನ್ನೂ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. "ತಗೋಬೇಕ್ರಿ. ಇಲ್ಲಂದ್ರ ಸಾಯೋತನ ನಮ್ಮ ಋಣದಾಗ ಬಗ್ಗಿ ನಡೀತಾನ" ಅಂದಳು. ಅವನು ರೊಟ್ಟಿ ಉಂಡು ನೆಟ್ಟಗೆ ನಡೆದುಹೋದ. ಆ ದುಡ್ಡಿನಲ್ಲಿ ಅವ್ವ ಚಿಗವ್ವನ ಕೂಸಿಗೆ ಒಂದು ಕುಂಚಿಗೆ ಹೊಲಿಸಿದಳು.

ಇಂತಿ,
ನಿನ್ನ ಅಜ್ಜ