ಸುರಂಗದ ಫೋಟೋ ಸಿಕ್ಕಿತು ಮಾರಾಯ

ಟ್ಯೂಬಿಂಗನ್, ಜರ್ಮನಿ
ನವೆಂಬರ್, ಭಾನುವಾರ ಸಂಜೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೋ, ವಿಡಿಯೋ ಎಲ್ಲ ಸಿಕ್ಕಿತು. ವಿಡಿಯೋದಲ್ಲಿ ನೀರಿನ ಶಬ್ದಕ್ಕಿಂತ ನನ್ನ ಅಮ್ಮ "ಜಾರುತ್ತದೆ, ಚಪ್ಪಲಿ ತೆಗೆದಿಟ್ಟು ಹೋಗು" ಅಂತ ಬೊಬ್ಬೆ ಹೊಡೆಯುವುದೇ ಜಾಸ್ತಿ ಕೇಳುತ್ತದೆ. ಮೂರು ಸಲ ನೋಡಿದೆ. ಪೆರ್ಲದಿಂದ ಬೈಕಿನಲ್ಲಿ ಬಂದು, ನಮ್ಮ ತೋಟ ದಾಟಿ, ಗುಡ್ಡೆಯ ಬುಡದಲ್ಲಿ ಸುರಂಗದ ಬಾಯಿಗೆ ಬಕೆಟ್ ಹಿಡಿದು, ಮೊಬೈಲಿನಲ್ಲಿ ಸೆಕೆಂಡ್ ಲೆಕ್ಕ ಮಾಡಿದ್ದೀಯಲ್ಲ, ಇದಕ್ಕೆ ಥ್ಯಾಂಕ್ಸ್ ಅಂದರೆ ನೀನು ಬೈಯುತ್ತೀ. ಅದಕ್ಕೇ ಈ ಕಾಗದ. ಓದಲು ನಾನೂ ಜರ್ಮನಿಗೆ ಬರಲಾ ಅಂತ ನೀನು ಕೇಳಿದ್ದಕ್ಕೂ ಉತ್ತರ ಇದರಲ್ಲೇ ಉಂಟು. ಊರಿನ ಬೇರೆ ಹುಡುಗರೂ ಅದನ್ನೇ ಕೇಳುತ್ತಿದ್ದಾರೆ, ಹಾಗಾಗಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ, ಬೇಜಾರು ಮಾಡಬೇಡ.

ಬಕೆಟ್ ಕತೆ ಯಾಕೆ ಬಂತು ಅಂತ ಮೊದಲು ಹೇಳುತ್ತೇನೆ. ನಾನಿಲ್ಲಿ ಓದುವುದು ಅಂತರ್ಜಲ ಅಂತ ನಿನಗೆ ಗೊತ್ತು. ಈ ಸಲದ ಸೆಮಿನಾರಿನಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ನೀರಿನ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿತ್ತು. ನಾನು ಸುಲಭ ಅಂತ ನಮ್ಮ ಕಾಸರಗೋಡಿನ ಸುರಂಗ ಆರಿಸಿಕೊಂಡೆ. ಮುರಕಲ್ಲಿನ, ಅಂದರೆ ಲ್ಯಾಟರೈಟಿನ, ಗುಡ್ಡೆಗೆ ಒಬ್ಬ ಆಳು ಹೋಗುವಷ್ಟು ಅಗಲಕ್ಕೆ ಪಿಕ್ಕಾಸಿನಲ್ಲಿ ಅಡ್ಡ ಕೊರೆಯುವುದು, ಒರತೆ ಸಿಗುವ ತನಕ ಕೊರೆಯುತ್ತಲೇ ಹೋಗುವುದು, ಆಮೇಲೆ ನೀರು ತನ್ನಷ್ಟಕ್ಕೆ ಹರಿದು ಬಂದು ಕೆರೆಗೆ ಬೀಳುವುದು, ಪಂಪು ಬೇಡ, ಕರೆಂಟು ಬೇಡ. ಅಜ್ಜ ಹೇಳುತ್ತಿದ್ದ ದೀಪದ ವಿಷಯವನ್ನೂ ಸೇರಿಸಿದೆ: ಒಳಗೆ ಹೋಗುವವನ ಕೈಯಲ್ಲಿ ದೀಪ ಇರಬೇಕು, ದೀಪ ನಂದಿತೋ, ಗಾಳಿ ಇಲ್ಲ ಅಂತ ಲೆಕ್ಕ, ತಿರುಗಿ ಓಡಬೇಕು. ನಮ್ಮದು 60 ಕೋಲು ಅಂದೆ. ಕೋಲು ಅಂದರೆ ಎಷ್ಟು ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಎರಡೂವರೆ ಅಡಿಗೆ ಸ್ವಲ್ಪ ಕಮ್ಮಿ, 72 ಸೆಂಟಿಮೀಟರ್, ಹಾಗಾದರೆ ಒಟ್ಟು 43 ಮೀಟರ್ ಅಂತ ಬೋರ್ಡಿನಲ್ಲಿ ಬರೆದೆ. ಅಲ್ಲಿಯವರೆಗೆ ಚೆನ್ನಾಗಿತ್ತು.

ಆಮೇಲೆ ಪ್ರೊಫೆಸರ್ ಕೇಳಿದ್ದು ಮೂರೇ ಪ್ರಶ್ನೆ. ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ? ಬೇಸಗೆಯಲ್ಲಿ ಎಷ್ಟಾಗುತ್ತದೆ? ಇವತ್ತು ಹೊರಗೆ ಬರುವ ನೀರು ಯಾವಾಗಿನ ಮಳೆಯದ್ದು, ಈ ವರ್ಷದ್ದಾ, ಹೋದ ವರ್ಷದ್ದಾ?

ನನ್ನ ಬಾಯಿ ಕಟ್ಟಿ ಹೋಯಿತು. ಇಪ್ಪತ್ತೆರಡು ವರ್ಷ ಆ ನೀರು ಕುಡಿದಿದ್ದೇನೆ, ಅದರಲ್ಲೇ ಮಿಂದಿದ್ದೇನೆ, ಒಂದು ದಿನ ಅಳೆದು ನೋಡಿಲ್ಲ. ನೆನಪುಂಟಾ, ಬಿಎಸ್ಸಿಯಲ್ಲಿ ನಾವಿಬ್ಬರೂ "ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್, 1807, ಜಾಗ ಅಂಗಾಡಿಪುರಂ" ಅಂತ ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದು? ಅದೇ ಮುರಕಲ್ಲಿನ ಮನೆ, ಅದೇ ಮುರಕಲ್ಲಿನ ಗುಡ್ಡೆ. ಮಾರ್ಕು ಬಂತು. ಆ ಕಲ್ಲಿನೊಳಗೆ ನೀರು ಹೇಗೆ ಓಡುತ್ತದೆ ಅಂತ ನೋಡಲು ಮಾತ್ರ ನಮಗೆ ಪುರುಸೊತ್ತು ಆಗಲಿಲ್ಲ.

ಅದಕ್ಕೆ ಸರಿಯಾಗಿ ಕ್ಲಾಸಿನ ಇರಾನಿನ ಹುಡುಗಿ ಎದ್ದು, ನಮ್ಮಲ್ಲೂ ಹೀಗೇ ಉಂಟು, ಕನಾತ್ ಅನ್ನುತ್ತೇವೆ ಅಂದಳು. ಅವರದ್ದು ನಮ್ಮದಕ್ಕಿಂತ ಎಷ್ಟೋ ಉದ್ದ, ಮೇಲಿನಿಂದ ಸಾಲಾಗಿ ಬಾವಿಗಳ ಹಾಗೆ ತೂತು ತೋಡಿರುತ್ತಾರೆ, 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಅವಳ ಹತ್ತಿರ ನಕ್ಷೆ ಇತ್ತು, ಅಂಕಿ ಇತ್ತು. ನನ್ನ ಹತ್ತಿರ ಅಜ್ಜನ ದೀಪ ಇತ್ತು. ಆ ರಾತ್ರಿಯೇ ನಿನಗೆ ಮೆಸೇಜ್ ಹಾಕಿದ್ದು.

ನೀನು ಕಳಿಸಿದ ಲೆಕ್ಕದಲ್ಲಿ 15 ಲೀಟರ್ ಬಕೆಟ್ 1 ನಿಮಿಷ 40 ಸೆಕೆಂಡಿಗೆ ತುಂಬಿದೆ. ನಿಮಿಷಕ್ಕೆ 9 ಲೀಟರ್. ದಿನಕ್ಕೆ ಸುಮಾರು 13,000 ಲೀಟರ್ ಆಯಿತು! ನನಗೇ ನಂಬಲು ಆಗಲಿಲ್ಲ, ಮೂರು ಸಲ ಗುಣಿಸಿದೆ. ಆದರೆ ಇದು ಮಳೆಗಾಲ ಮುಗಿದ ಮೇಲಿನ ಮಾತು. ಏಪ್ರಿಲಿನಲ್ಲಿ ಅದು ಹೆಬ್ಬೆರಳು ಗಾತ್ರಕ್ಕೆ ಇಳಿಯುವುದನ್ನು ನಾನೂ ನೋಡಿದ್ದೇನೆ. ಮೇಲಿನ ಗುಡ್ಡೆಯಲ್ಲಿ ಎರಡು ಬೋರ್ ಬಂದ ಮೇಲೆ ಇನ್ನೂ ಬೇಗ ಇಳಿಯುತ್ತದೆ ಅಂತ ಅಪ್ಪ ಹೇಳುತ್ತಾರೆ. ಬೋರಿನಿಂದಲೇ ಹಾಗಾಯಿತಾ ಅಂದರೆ ಅಪ್ಪನ ಹತ್ತಿರವೂ ಅಂಕಿ ಇಲ್ಲ.

ಇಲ್ಲಿಯ ಗುಡ್ಡೆಗಳ ಸ್ವಭಾವ ಬೇರೆ. ಟ್ಯೂಬಿಂಗನ್‌ನಿಂದ ದಕ್ಷಿಣಕ್ಕೆ ಸ್ವಾಬಿಯನ್ ಆಲ್ಬ್ ಅಂತ ಒಂದು ಎತ್ತರದ ಪ್ರದೇಶ ಉಂಟು, ಪೂರ್ತಿ ಸುಣ್ಣಕಲ್ಲು. ಬಿದ್ದ ಮಳೆ ಮೇಲೆ ನಿಲ್ಲುವುದೇ ಇಲ್ಲ, ಬಿರುಕುಗಳಲ್ಲಿ ಇಳಿದು ಎಲ್ಲೋ ಕೆಳಗೆ ಕಣಿವೆಯಲ್ಲಿ ಹೊರಡುತ್ತದೆ. ಅಂಥ ಒಂದು ಬುಗ್ಗೆಯನ್ನು ಬ್ಲೌಬಾಯ್ರನ್ ಎಂಬ ಊರಲ್ಲಿ ತೋರಿಸಲು ಕರೆದುಕೊಂಡು ಹೋಗಿದ್ದರು. 20 ಮೀಟರಿಗಿಂತ ಆಳ, ನೀಲಿ ಶಾಯಿ ಚೆಲ್ಲಿದ ಹಾಗೆ ಬಣ್ಣ. ಕೆಳಗೆ ಅಷ್ಟು ನೀರಿದ್ದರೂ ಮೇಲಿನ ಹಳ್ಳಿಯವರು ಮಾಡಿನ ನೀರು, ಹೊಂಡದ ನೀರು ಹಿಡಿದುಕೊಂಡು ಬದುಕಿದ್ದರಂತೆ. ಕಣಿವೆಯಿಂದ ಪಂಪು ಮಾಡಿ ನೀರು ಹತ್ತಿಸಲು ಶುರುವಾದದ್ದು 1871ರಲ್ಲಿ. ನಮಗೆ ವರ್ಷಕ್ಕೆ 3,500 ಮಿಲಿಮೀಟರ್ ಸುರಿಯುತ್ತದೆ, ಇವರಿಗೆ ಟ್ಯೂಬಿಂಗನ್‌ನಲ್ಲಿ ಅದರ ಕಾಲುಭಾಗವೂ ಇಲ್ಲ. ಮೇ ತಿಂಗಳಲ್ಲಿ ಕೊಡ ಹಿಡಿದು ನಿಲ್ಲುವುದು ಮಾತ್ರ ನಾವು.

ಇರಲಿ. ನಿನ್ನ ಪ್ರಶ್ನೆಗೆ ಬರುತ್ತೇನೆ.

ದುಡ್ಡು ಮೊದಲು. ಸರಕಾರಿ ಯೂನಿವರ್ಸಿಟಿಯಲ್ಲಿ ಫೀಸು ಇಲ್ಲ ಅಂತ ಏಜೆಂಟರು ಹೇಳುವುದು ಬಹಳ ಕಡೆ ನಿಜ, ನಾನಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಅಲ್ಲ. ಯುರೋಪಿನ ಹೊರಗಿನವರಿಗೆ ಇಲ್ಲಿ ಸೆಮಿಸ್ಟರಿಗೆ 1,500 ಯೂರೋ. ಅದಲ್ಲದೆ ವೀಸಾಕ್ಕೆ ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಹಾಕಬೇಕು, ನಮ್ಮ ಲೆಕ್ಕದಲ್ಲಿ ಹನ್ನೊಂದು ಲಕ್ಷ ದಾಟುತ್ತದೆ. ನಮ್ಮದೇ ದುಡ್ಡು, ಆದರೆ ತಿಂಗಳಿಗೆ 992ಕ್ಕಿಂತ ಹೆಚ್ಚು ತೆಗೆಯಲು ಬಿಡುವುದಿಲ್ಲ. ಅಪ್ಪ ಎರಡು ವರ್ಷದ ಅಡಿಕೆ ಮಾರದೆ ಇಟ್ಟದ್ದು, ಮತ್ತೆ ಸಾಲ, ಎಲ್ಲ ಸೇರಿ ಅದು ಆಯಿತು. ಓದುವಾಗ ಕೆಲಸ ಮಾಡಬಹುದು, ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಅದು ಊಟಕ್ಕೂ ಬಾಡಿಗೆಗೂ ಸರಿಹೋಗುತ್ತದೆ, ಸಾಲಕ್ಕೆ ಅಲ್ಲ.

ಕಾಗದಪತ್ರದಲ್ಲಿ ಒಂದು ತಮಾಷೆ ಉಂಟು. ಜರ್ಮನಿಯವರಿಗೆ ಕೇರಳ, ಕರ್ನಾಟಕ ಎರಡಕ್ಕೂ ಕಾನ್ಸುಲೇಟ್ ಒಂದೇ, ಬೆಂಗಳೂರಿನದ್ದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದಂದಿನಿಂದ ಕರ್ನಾಟಕಕ್ಕೆ ಸೇರಿಸಿ ಅಂತ ನಮ್ಮವರು ಕೇಳಿ ಕೇಳಿ ಸುಸ್ತಾದದ್ದನ್ನು ಇವರು ಯಾರೂ ಕೇಳದೆ ಮಾಡಿಕೊಟ್ಟಿದ್ದಾರೆ.

ಭಾಷೆಯ ವಿಷಯ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಪಾಠ ಇಂಗ್ಲಿಷಿನಲ್ಲೇ ಅಂತ ನಾನು ಜರ್ಮನ್ ಕಲಿಯದೆ ಬಂದೆ. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಆಫೀಸಿನಲ್ಲಿ ಮಲಯಾಳ ಅಂತ ಬೆಳೆದವನಿಗೆ ಇನ್ನೊಂದು ಭಾಷೆ ಯಾವ ಲೆಕ್ಕ ಅಂತ ಅಹಂಕಾರ ಬೇರೆ. ಬಂದ ಎರಡನೇ ವಾರ ಒಂದು ರೂಮು ನೋಡಲು ಕರೆದರು, ಫೋನಿನಲ್ಲಿ "ಹಾಲ್ಬ್ ದ್ರೈ" ಅಂದರು. ಹಾಲ್ಬ್ ಅಂದರೆ ಅರ್ಧ, ದ್ರೈ ಅಂದರೆ ಮೂರು, ಸರಿ, ಮೂರೂವರೆ ಅಂತ ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಹತ್ತು ನಿಮಿಷ ಮೊದಲೇ ಹೋಗಿ ನಿಂತೆ. ಮಾರಾಯ, ಅದು ಎರಡೂವರೆ! ಇವರಿಗೆ ಅರ್ಧ ಮೂರು ಅಂದರೆ ಮೂರಕ್ಕೆ ಅರ್ಧ ಬಾಕಿ. ರೂಮು ಬೇರೆಯವರಿಗೆ ಹೋಗಿತ್ತು. ಆಮೇಲೆ ಆರು ವಾರ ಒಬ್ಬ ತಲಶ್ಶೇರಿಯ ಹುಡುಗನ ರೂಮಿನಲ್ಲಿ ನೆಲದ ಮೇಲೆ ಮಲಗಿದೆ. ಅವನು ದಿನಾ ಗಂಜಿ ಬೇಯಿಸುತ್ತಿದ್ದ, ನಾನು ಅಮ್ಮನ ಮಿಡಿ ಉಪ್ಪಿನಕಾಯಿ ತೆಗೆಯುತ್ತಿದ್ದೆ, ನನ್ನ ಮಲಯಾಳ ಕೇಳಿ ಅವನು ನಗುತ್ತಿದ್ದ. ಊರಲ್ಲಿ ಕಲಿಯದ ಮಲಯಾಳ ಜಾಸ್ತಿ ಕಲಿತದ್ದು ಅಲ್ಲಿಯೇ.

ಅವನೇ ಹೇಳಿದ್ದು, ಇಲ್ಲಿಯ ಯೂನಿವರ್ಸಿಟಿಯಲ್ಲಿ ಮಲಯಾಳಕ್ಕೆ ಗುಂಡರ್ಟ್ ಹೆಸರಿನ ಪೀಠ 2015ರಲ್ಲಿ ಶುರುವಾಯಿತು ಅಂತ. ಗುಂಡರ್ಟ್ ಓದಿದ್ದು ಇಲ್ಲಿ, ಕೆಲಸ ಮಾಡಿದ್ದು ತಲಶ್ಶೇರಿಯಲ್ಲಿ. ನಾನು ಬಿಡುತ್ತೇನಾ? ನಮ್ಮ ಕಿಟೆಲ್ ತೀರಿಕೊಂಡದ್ದೂ ಇದೇ ಊರಲ್ಲಿ, 1903ರಲ್ಲಿ, ಇದೇ ಯೂನಿವರ್ಸಿಟಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು ಅಂದೆ. ಗುಂಡರ್ಟರ ಮಲಯಾಳ ನಿಘಂಟು 1872, ಕಿಟೆಲರ ಕನ್ನಡ ನಿಘಂಟು 1894, ಎರಡೂ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಹಾಗಾದರೆ ನಿನ್ನೂರು ಎರಡರ ನಡುವೆ ಬರುತ್ತದಲ್ಲ, ನೀನು ಯಾವುದು ಅಂತ ಕೇಳಿದ. ಗಂಜಿ ಆರುತ್ತದೆ ತಿನ್ನು ಅಂದೆ.

ಆದರೆ ಆ ಪ್ರಶ್ನೆ ಇಲ್ಲಿಗೂ ಹಿಂದೆಯೇ ಬಂದಿದೆ. ನವೆಂಬರ್ ಒಂದಕ್ಕೆ ನನಗೆ ಎರಡು ಕಡೆ ಕರೆ. ಮಲಯಾಳಿಗಳದ್ದು ಕೇರಳಪ್ಪಿರವಿ, ಕನ್ನಡದವರದ್ದು ರಾಜ್ಯೋತ್ಸವ. ಈ ರಾಜ್ಯದಲ್ಲಿ ಅಂದು ಸರಕಾರಿ ರಜೆ ಕೂಡ, ಅವರ ಎಲ್ಲ ಸಂತರ ಹಬ್ಬ, ಸಮಾಧಿಗಳಿಗೆ ಹೂ ಇಡುತ್ತಾರೆ. ನಾನು ರಾಜ್ಯೋತ್ಸವಕ್ಕೆ ಹೋದೆ. ಬಿಸಿಬೇಳೆಬಾತ್ ಬಡಿಸುತ್ತಿದ್ದ ಒಬ್ಬ ಅಕ್ಕ ಊರು ಕೇಳಿದರು. ಕಾಸರಗೋಡು ಅಂದೆ. "ಓ, ಕೇರಳದವರಾ? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಅಂದರು. ಪಾಪ, ಪ್ರೀತಿಯಿಂದಲೇ ಅಂದದ್ದು, ಇನ್ನೊಂದು ಸೌಟು ಜಾಸ್ತಿ ಹಾಕಿದರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಅಂತ ಹೇಳಲು ಹೋದೆ, ಅಷ್ಟರಲ್ಲಿ ಹಿಂದಿನವರು ತಟ್ಟೆ ಚಾಚಿದರು.

ಜರ್ಮನ್ನರಿಗೆ ಈ ಗೊಂದಲ ಇಲ್ಲ, ಅವರಿಗೆ ನಾನು ಇಂಡಿಯಾ, ಮುಗಿಯಿತು. ಸೆಪ್ಟೆಂಬರಿನಲ್ಲಿ ಹತ್ತಿರದ ಹಳ್ಳಿಯಲ್ಲಿ ದ್ರಾಕ್ಷಿ ಕೊಯ್ಯುವ ಕೆಲಸಕ್ಕೆ ಹೋಗಿದ್ದೆ. ಎಲೆಗಳ ಮೇಲೆ ತಿಳಿ ನೀಲಿ ಕಲೆ. ಬೆರಳಿನಿಂದ ಒರಸಿದೆ. ಮೈಲುತುತ್ತು! ಕೊಳೆರೋಗಕ್ಕೆ ಅಪ್ಪ ಅಡಿಕೆಗೆ ಬಿಡಿಸುವ ಮದ್ದೇ. ಮೈಲುತುತ್ತಿಗೆ ಸುಣ್ಣ ಸೇರಿಸಿದ ಈ ಬೋರ್ಡೋ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ ಅಂತ ಓದಿದ್ದೆ, ಆದರೆ ಉಗುರಿನ ಸಂದಿಯಲ್ಲಿ ಆ ನೀಲಿ ನೋಡಿದಾಗ ಜೂನ್ ತಿಂಗಳ ನಮ್ಮ ಅಂಗಳ, ಡ್ರಮ್ಮು, ಸುಣ್ಣ ಕದಡುವ ಅಪ್ಪ, ಎಲ್ಲ ಬಂತು. ತೋಟದ ಯಜಮಾನನಿಗೆ ಹೇಳೋಣ ಅಂದರೆ ಅಷ್ಟು ಜರ್ಮನ್ ನನ್ನಲ್ಲಿ ಇರಲಿಲ್ಲ. "ನಮ್ಮಪ್ಪ ಕೂಡ" ಅಂತ ಎಲೆ ತೋರಿಸಿದೆ. ಅವರು ತಲೆಯಾಡಿಸಿದರು.

ಅದಕ್ಕೇ ಹೇಳುವುದು, ಬರುವುದಾದರೆ ಜರ್ಮನ್ ಭಾಷೆಯ ಬಿ1 ಮಟ್ಟದ ಪರೀಕ್ಷೆ ಮುಗಿಸಿ ಬಾ. ಅದಿಲ್ಲದೆ ಬರಬೇಡ. ಸರಕಾರಿ ಕೆಲಸದ ಪಿಎಸ್‌ಸಿ ರ‍್ಯಾಂಕ್ ಲಿಸ್ಟಿನ ಬೇಜಾರಿಗೆ ಬರುವುದಾದರೆ ಇನ್ನೂ ಆರು ತಿಂಗಳು ಯೋಚನೆ ಮಾಡು. ಇಲ್ಲಿ ಈಗ ಐದು ಗಂಟೆಗೆಲ್ಲ ಕತ್ತಲಾಗುತ್ತದೆ, ಭಾನುವಾರ ಒಂದು ಅಂಗಡಿ ತೆರೆಯುವುದಿಲ್ಲ, ಅಂಥ ಸಂಜೆ ರೂಮಿನಲ್ಲಿ ಒಬ್ಬನೇ ಕೂತರೆ ಊರಿನ ಬೇಜಾರೇ ವಾಸಿ ಅನ್ನಿಸುತ್ತದೆ. ಕಲಿಯಲು ಬರುವುದಾದರೆ ಬೇರೆ ಮಾತು. ನನಗೆ ಬಂದದ್ದಕ್ಕೆ ಪಶ್ಚಾತ್ತಾಪ ಇಲ್ಲ.

ಈಗ ನನ್ನ ಕೆಲಸ. ಪ್ರೊಫೆಸರಿಗೆ ನಿನ್ನ ಅಂಕಿ ತೋರಿಸಿದೆ. ಒಂದು ಅಂಕಿಯಿಂದ ಏನೂ ಆಗುವುದಿಲ್ಲ, ಒಂದು ವರ್ಷದ್ದು ತಂದರೆ ಥೀಸಿಸ್ ಆಗಬಹುದು ಅಂದಿದ್ದಾರೆ. ಹಾಗಾಗಿ ಪ್ರತಿ ತಿಂಗಳು ಒಂದನೇ ತಾರೀಕು ಬೆಳಗ್ಗೆ, ಅಪ್ಪ ತೋಟಕ್ಕೆ ನೀರು ಬಿಡುವ ಮೊದಲು, ಮೂರು ಸಲ ಅಳೆದು ಬರೆದಿಡು. ಬಕೆಟ್ ಅದೇ ಇರಲಿ, ಹಿಡಿ ಮುರಿದ ನೀಲಿದು. ಅಮ್ಮ ಹೊಸತು ಕೊಟ್ಟರೆ ತೆಗೆದುಕೊಳ್ಳಬೇಡ. ಶೇಣಿಯ ನಿನ್ನ ಮಾವನ ಮನೆಯ ಸುರಂಗವನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು, ಅಲ್ಲಿ ಮೇಲೆ ಬೋರ್ ಇಲ್ಲ ಅಲ್ವಾ?

ಮತ್ತೆ, ನೀನು ನಿಜವಾಗಿ ಬರುವುದೇ ಆದರೆ, ಆ ಬಕೆಟ್ ಯಾರ ಕೈಯಲ್ಲಿ ಕೊಟ್ಟು ಬರುತ್ತೀ ಅಂತ ಮೊದಲೇ ತಿಳಿಸು.

ನಿನ್ನ,
ಗುಡ್ಡೆಯ ಬುಡದ ಮನೆಯವನು